ಮಾರ್ಚ್ ತಿಂಗಳ ಮಂಜುಗಡ್ಡೆಯನ್ನು ನಂಬಬಹುದೇ?

ಪ್ರಶ್ನೆ: ಟೊರಾಂಟೊ ಬಳಿ ನೆಲೆಸಿರುವ ನಾನು ಮಾರ್ಚ್ ಎರಡನೆಯ ವಾರದಲ್ಲಿ ಸಹೋದ್ಯೋಗಿಗಳೊಡನೆ ಹೆಪ್ಪುಗಟ್ಟಿದ ಸಿಮ್ಕೋ ಸರೋವರಕ್ಕೆ, ಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯಲು ಹೋಗುವವನಿದ್ದೇನೆ. ಜನವರಿಯಲ್ಲಿ ಅರ್ಧ ಅಡಿ ಮಂಜುಗಡ್ಡೆಯ ಮೇಲೆಯೇ ನಡೆದಾಡಿದ್ದೇವೆ, ಈಗ ಒಂದು ಅಡಿಗೂ ಮೀರಿ ಇದೆ ಎಂದು ಅವರು ಧೈರ್ಯ ಹೇಳುತ್ತಾರೆ. ತುಂಗೆಯ ದಡದಲ್ಲಿ ಗಾಳ ಹಾಕುತ್ತ ಬೆಳೆದ ನನಗೆ ಆಸೆಯೂ ಇದೆ, ಅಳುಕೂ ಇದೆ. ಅವರ ಮಾತನ್ನು ನಂಬಬಹುದೇ?

ಉತ್ತರ: ಪೂರ್ತಿಯಾಗಿ ನಂಬಬೇಡಿ. ಹೊಸದಾಗಿ ಕಟ್ಟಿದ, ಗಾಜಿನಂತೆ ತಿಳಿಯಾದ ಗಡ್ಡೆ ಹತ್ತು ಸೆಂಟಿಮೀಟರ್ ದಪ್ಪವಿದ್ದರೆ ನಡೆಯುವ ಒಬ್ಬ ಮನುಷ್ಯನನ್ನು ಹೊರಬಲ್ಲದು ಎಂಬ ಲೆಕ್ಕ ಜನವರಿಗೆ ಸಲ್ಲುತ್ತದೆ, ಮಾರ್ಚ್‌ಗೆ ಸಲ್ಲುವುದಿಲ್ಲ. ಹಿಮ ನೆನೆದು ಮತ್ತೆ ಹೆಪ್ಪುಗಟ್ಟಿದ ಬಿಳಿಯ ಗಡ್ಡೆಗಂತೂ ತಿಳಿಗಡ್ಡೆಯ ಅರ್ಧದಷ್ಟೇ ಬಲವೆಂದು ಎಣಿಸುತ್ತಾರೆ.

ಕಾರಣ ಗಡ್ಡೆ ಬೆಳೆಯುವ ಬಗೆಯಲ್ಲಿದೆ. ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಹೋದಂತೆ ಅದರ ಹರಳುಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತ ಕಂಬಗಳಾಗುತ್ತವೆ, ಮತ್ತು ನೀರಿನಲ್ಲಿದ್ದ ಲವಣಾಂಶ ಆ ಕಂಬಗಳ ನಡುವಣ ಸಂದುಗಳಿಗೆ ಸೇರಿಕೊಳ್ಳುತ್ತದೆ. ಚಳಿಗಾಲದ ಕೊನೆಗೆ ಬಿಸಿಲು ಬಲಿತು ಗಡ್ಡೆಯೊಳಕ್ಕೆ ಇಳಿದಾಗ ಮೊದಲು ಕರಗುವುದು ಈ ಸಂದುಗಳೇ. ಅಳತೆಗೋಲು ಇಳಿಸಿದರೆ ಅದೇ ಒಂದು ಅಡಿ ಸಿಗುತ್ತದೆ. ಆದರೆ ಅದು ದಾರ ಬಿಚ್ಚಿದ ಊದುಬತ್ತಿಯ ಕಟ್ಟಿನಂತೆ, ಒಂದಕ್ಕೊಂದು ಅಂಟಿಲ್ಲದೆ ಬರಿದೆ ಒತ್ತಿ ನಿಂತಿರುತ್ತದೆ. ರಾತ್ರಿಯ ಚಳಿಗೆ ಬಿಗಿದುಕೊಂಡು ಬೆಳಿಗ್ಗೆ ನಿಮ್ಮನ್ನು ಹೊತ್ತ ಜಾಗವೇ ಮಧ್ಯಾಹ್ನ ಮೂರಕ್ಕೆ ಕೈಕೊಡಬಹುದು.

ಗಾಳಿಯನ್ನೂ ಮರೆಯಬಾರದು. 2009ರ ಫೆಬ್ರುವರಿ 7ರಂದು ಅಮೆರಿಕದ ಒಹಾಯೊ ದಡದ ಬಳಿ ಈರೀ ಸರೋವರದ ವಿಶಾಲವಾದ ಮಂಜುಹಾಸೊಂದು ದಡದಿಂದ ಕಿತ್ತುಕೊಂಡು ಸರಿದಾಗ, ಮೀನಿಗೆಂದು ಹೋಗಿದ್ದ ನೂರಕ್ಕೂ ಹೆಚ್ಚು ಜನ ಅದರ ಮೇಲೆ ಸಿಲುಕಿದರು. ಒಬ್ಬರು ಪ್ರಾಣ ಕಳೆದುಕೊಂಡರು.

ಸಿಮ್ಕೋದಲ್ಲಿ ಗಡ್ಡೆಯ ಮೇಲೆ ಹೂಡುವ ಮೀನುಗಾರರ ಗುಡಿಸಲುಗಳನ್ನು ಮಾರ್ಚ್ 15ರೊಳಗೆ ತೆರವುಗೊಳಿಸಬೇಕೆಂಬ ನಿಯಮವಿದೆ. ನೀವು ಹೊರಟಿರುವುದು ಆ ಗಡುವಿನ ಅಂಚಿನಲ್ಲಿ. ಗುಡಿಸಲು ಬಾಡಿಗೆಗೆ ಕೊಡುವ ಸ್ಥಳೀಯರು ಆ ದಿನ ಬೇಡವೆಂದರೆ ಚರ್ಚೆಗಿಳಿಯದೆ ಹಿಂದಿರುಗಿ. ಬರಬಹುದು ಎಂದರೂ ಬೆಳಿಗ್ಗೆಯೇ ಹೋಗಿ ಮಧ್ಯಾಹ್ನಕ್ಕೆ ಮೊದಲು ದಡ ಸೇರಿ, ಪ್ರತಿ ಕೆಲವು ಹೆಜ್ಜೆಗೆ ಹಾರೆಯಿಂದ ಕುಟ್ಟಿ ನೋಡಿ. ಒಂದೇ ಏಟಿಗೆ ಹಾರೆ ಗಡ್ಡೆಯನ್ನು ತೂರಿ ಹೋದರೆ ಬಂದ ಹೆಜ್ಜೆಯಲ್ಲೇ ಮರಳಿ.

ಪ್ರಶ್ನೆ: ಅಷ್ಟು ಚಳಿಯಲ್ಲಿ ಮೀನು ಎಲ್ಲಿರುತ್ತದೆ?

ಉತ್ತರ: ನೀರು ಅತಿ ಹೆಚ್ಚು ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ತುಸು ಬೆಚ್ಚಗಿನ ಆ ನೀರು ತಳದಲ್ಲಿ ಉಳಿದು, ಮೀನುಗಳು ಬದುಕುತ್ತವೆ. ಸಿಮ್ಕೋದ ಆಳದಲ್ಲಿ ಲೇಕ್ ಟ್ರೌಟ್ ಮತ್ತು ವೈಟ್‌ಫಿಶ್, ಕುಕ್ಸ್ ಬೇಯಂಥ ಆಳವಿಲ್ಲದ ಕಡೆ ಹಳದಿ ಪರ್ಚ್ ಸಿಗುತ್ತವೆ. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ಪರ್ಚ್‌ಗಳು ನದೀಮುಖಗಳತ್ತ ಸರಿಯುತ್ತವೆ. ಚಿಂತೆಯ ಸಂಗತಿಯೆಂದರೆ, ಹರಿವಿರುವ ಆ ನದೀಮುಖಗಳಲ್ಲಿಯೇ ಗಡ್ಡೆ ಅತಿ ತೆಳುವಾಗಿರುತ್ತದೆ. ಮೀನು ಕರೆದಲ್ಲಿಗೆಲ್ಲ ಹೋಗಬೇಡಿ.

ಪ್ರಶ್ನೆ: ಒಂದು ವೇಳೆ ಗಡ್ಡೆ ಒಡೆದು ನೀರಿಗೆ ಬಿದ್ದರೆ?

ಉತ್ತರ: ತಣ್ಣೀರಿನಲ್ಲಿ ದೇಹಕ್ಕೆ ಏನಾಗುತ್ತದೆಂದು ಅಧ್ಯಯನ ಮಾಡಿದ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ಒಂದು, ಹತ್ತು, ಒಂದು ಎಂದು ಕಲಿಸುತ್ತಾರೆ: ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಆದ್ದರಿಂದ ಗಾಬರಿಯಲ್ಲಿ ಬಡಿದಾಡದೆ ಮೊದಲು ಉಸಿರು ಸಾವರಿಸಿಕೊಳ್ಳಿ. ಬಳಿಕ ನೀವು ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ನಿಮ್ಮನ್ನು ಅಷ್ಟು ಹೊತ್ತು ಹೊತ್ತದ್ದು ಅತ್ತಲಿನ ಗಡ್ಡೆ. ಹಿಡಿಯುಳ್ಳ ಎರಡು ಮೊಳೆಗಳನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರೆ ಅವನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಮೇಲಕ್ಕೆ ಜಾರಿ. ಮೇಲೆ ಬಂದ ಕೂಡಲೇ ಎದ್ದು ನಿಲ್ಲದೆ ಉರುಳುತ್ತಲೇ ದೂರ ಸರಿಯಿರಿ. ಲೈಫ್ ಜಾಕೆಟ್ ಅನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಅದನ್ನು ದಡದಲ್ಲಿಯೇ ತೊಟ್ಟು ಹೊರಡಿ.