ಓದುಗರ ಪ್ರಶ್ನೆ, ನಮ್ಮ ಉತ್ತರ: ಗಾಳಿ ತುಂಬ್ಕೊಳ್ಳೋ ಡಬ್ಬಿ, ಧೂಳು ಮತ್ತೆ ಚಿಕ್ಕಪುಟ್ಟ ಸ್ಪ್ರೇ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ವಸ್ತುವಿನ ಸುತ್ತ ಇದ್ವು. ಪಂಪಲ್ಲಿ ಗಾಳಿ ಹೊಡೆದು ಮತ್ತೆ ಮತ್ತೆ ತುಂಬ್ಕೋಬಹುದಾದ ಲೋಹದ ಡಬ್ಬಿ, ಮೇಲೆ ಒತ್ತೋ ಗುಂಡಿ, ಒಂದು ಸಣ್ಣ ನಳಿಗೆ. ಹಾಗಾಗಿ ಎಲ್ಲಾ ಒಟ್ಟಿಗೆ ಹಾಕಿದೀವಿ.

ಪ್ರಶ್ನೆ: ಸರ್, ಕಂಪ್ಯೂಟರ್ ಕ್ಲೀನ್ ಮಾಡೋಕೆ ಬಿಸಾಡೋ ಡಬ್ಬಿ ಬದಲು ಗಾಳಿ ತುಂಬ್ಕೊಳ್ಳೋ ಡಬ್ಬಿ ತಗೊಂಡೆ. ನಾಲ್ಕೈದು ಸಲ ಫುಸ್ ಅನ್ಸಿದ್ರೆ ಮುಗೀತು, ಮತ್ತೆ ಪಂಪ್ ಹಿಡೀಬೇಕು. ಹಳೇ ಡಬ್ಬಿ ವಾರಗಟ್ಟಲೆ ಬರ್ತಿತ್ತು. ನನಗೆ ಕೆಟ್ಟ ಮಾಲು ಕೊಟ್ಟಿದಾರಾ?

ಉತ್ತರ: ಮಾಲು ಕೆಟ್ಟಿಲ್ಲ, ಅದು ಇರೋದೇ ಹಾಗೆ. ನೀವು ಮೊದಲು ತರ್ತಿದ್ದ ಡಬ್ಬಿಯೊಳಗೆ ಗಾಳಿ ಇರಲ್ಲ, ಒತ್ತಡದಲ್ಲಿ ದ್ರವ ಆಗಿ ಕೂತಿರೋ ಒಂದು ಅನಿಲ ಇರತ್ತೆ, ಹೆಚ್ಚಾಗಿ ಡೈಫ್ಲೋರೋಈಥೇನ್ ಅನ್ನೋದು. ಇದರ ಕುದಿಬಿಂದು ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗೆ, ಹಾಗಾಗಿ ಗುಂಡಿ ಒತ್ತಿದ ತಕ್ಷಣ ಒಳಗಿನ ದ್ರವ ಕುದ್ದು ಅನಿಲ ಆಗಿ ಹೊರಗೆ ನುಗ್ಗತ್ತೆ, ಹೋದಷ್ಟು ಜಾಗಕ್ಕೆ ಮತ್ತೆ ಕುದ್ದು ತುಂಬ್ಕೊಳತ್ತೆ, ಕೊನೇ ಹನಿ ಇರೋವರೆಗೂ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರತ್ತೆ (ತುಂಬಾ ಹೊತ್ತು ಒತ್ತಿ ಹಿಡಿದ್ರೆ ಡಬ್ಬಿ ಐಸಿನಂಗೆ ತಣ್ಣಗಾಗಿ ಸುಸ್ತಾಗೋದು ಬೇರೆ ವಿಷ್ಯ). ಲೆಕ್ಕ ಹಾಕಿ ನೋಡಿ, ಅಂಥ ಒಂದು ಡಬ್ಬಿಯಲ್ಲಿ 300 ಗ್ರಾಂ ದ್ರವ ಇದ್ರೆ ಅದು ಕೋಣೆ ಉಷ್ಣಾಂಶದಲ್ಲಿ ಸುಮಾರು 110 ಲೀಟರ್ ಅನಿಲ ಆಗತ್ತೆ.

ಈಗ ನಿಮ್ಮ ಹೊಸ ಡಬ್ಬಿ. ಅರ್ಧ ಲೀಟರ್ ಹಿಡಿಯತ್ತೆ, 100 ಪಿಎಸ್‌ಐ ಅಂದ್ರೆ ಹತ್ತಿರ ಹತ್ತಿರ 7 ಬಾರ್ (ಎರಡೂ ಒತ್ತಡದ ಅಳತೆ) ಹೊಡೆದ್ರಿ ಅಂತಿಟ್ಕೊಳ್ಳಿ, ಹೊರಗೆ ಬರೋದು 3.5 ಲೀಟರ್ ಗಾಳಿ ಅಷ್ಟೇ. ಅದರಲ್ಲೂ ಒತ್ತಡ ಮೊದಲ ಸೆಕೆಂಡಿಂದಲೇ ಇಳೀತಾ ಬರತ್ತೆ, ಕೊನೇ ಒಂದು ಲೀಟರಿಗೆ ಧೂಳು ಎಬ್ಬಿಸೋ ದಮ್ಮೇ ಇರಲ್ಲ. 30 ಪಟ್ಟು ವ್ಯತ್ಯಾಸ ಸ್ವಾಮಿ, ಪಂಪ್ ಎಷ್ಟೇ ಒಳ್ಳೇದಿದ್ರೂ ಇದನ್ನ ದಾಟೋಕಾಗಲ್ಲ, ಯಾಕಂದ್ರೆ ಕೋಣೆ ಉಷ್ಣಾಂಶದಲ್ಲಿ ಗಾಳಿನ ಎಷ್ಟು ಒತ್ತಿದ್ರೂ ಅದು ದ್ರವ ಆಗಲ್ಲ.

ಹಂಗಂತ ಅದನ್ನ ಮೂಲೆಗೆ ಎಸೀಬೇಡಿ. ಕೀಬೋರ್ಡ್ ಸಂದಿ, ಹೊಲಿಗೆ ಮಿಷನ್ನಿನ ಬಾಬಿನ್ ಗೂಡು, ಚಾರ್ಜಿಂಗ್ ತೂತು, ಗಡಿಯಾರದ ಮೂಲೆ, ಇಂಥ ಎರಡು ಫುಸ್ ಕೆಲಸಕ್ಕೆ ಅದು ಚೆನ್ನಾಗೇ ಇದೆ. ಮೊದಲು ಬ್ರಷ್ಷಲ್ಲಿ ಧೂಳು ಸಡಿಲ ಮಾಡ್ಕೊಳ್ಳಿ, ಆಮೇಲೆ ಹತ್ತಿರದಿಂದ ಚಿಕ್ಕಚಿಕ್ಕದಾಗಿ ಒತ್ತಿ, ಒತ್ತಿ ಹಿಡ್ಕೋಬೇಡಿ. ಇಡೀ ಕಂಪ್ಯೂಟರ್ ಕ್ಯಾಬಿನೆಟ್ಟೇ ಊದಬೇಕು ಅಂದ್ರೆ ಮೋಟರ್ ಇರೋ ಎಲೆಕ್ಟ್ರಿಕ್ ಬ್ಲೋವರೇ ಸರಿ, ಅದರಲ್ಲಿ ಒತ್ತಡ ಕಮ್ಮಿ ಆದ್ರೆ ಗಾಳಿ ನಿಲ್ಲದೇ ಬರ್ತಾನೇ ಇರತ್ತೆ, ಕ್ಯಾಬಿನೆಟ್ಟಿಗೆ ಬೇಕಾಗಿರೋದೂ ಅದೇ.

ಪ್ರಶ್ನೆ: ಸೈಕಲ್ ಪಂಪಲ್ಲಿ ತುಂಬ್ಬಹುದಾ, ಅಥವಾ ಗ್ಯಾರೇಜಿನ ದೊಡ್ಡ ಕಂಪ್ರೆಸರೇ ಬೇಕಾ? ಎಷ್ಟು ಹೊಡೀಬೇಕು?

ಉತ್ತರ: ಧಾರಾಳವಾಗಿ ತುಂಬ್ಬಹುದು. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರೋದು ಶ್ರೇಡರ್ ವಾಲ್ವು, ಅಂದ್ರೆ ಕಾರು ಬೈಕಿನ ಟೈರಲ್ಲಿ ಮಧ್ಯೆ ಪಿನ್ನಿರೋ ಅದೇ ವಾಲ್ವು, 1893ರಲ್ಲಿ ಪೇಟೆಂಟ್ ಆದದ್ದು ಹೆಚ್ಚು ಬದಲಾಗದೇ ಇನ್ನೂ ನಡೀತಿದೆ. ಕಾಲಲ್ಲಿ ತುಳ್ಕೊಂಡು ಎರಡೂ ಕೈಯಲ್ಲಿ ಹೊಡೆಯೋ ನಿಲ್ಲಿಸೋ ಪಂಪ್ ಆದ್ರೆ ಅರ್ಧ ಲೀಟರ್ ಡಬ್ಬಿಗೆ ಹದಿನೈದಿಪ್ಪತ್ತು ಹೊಡೆತ ಸಾಕಾಗತ್ತೆ, ಅಂಗೈಯಗಲದ ಮಿನಿ ಪಂಪ್ ಹಿಡ್ಕೊಂಡ್ರೆ ಮಾತ್ರ ತೋಳು ಬಿದ್ದೋಗತ್ತೆ. ಕಾರಿನ 12 ವೋಲ್ಟ್ ಇನ್‌ಫ್ಲೇಟರೂ ನಡಿಯತ್ತೆ.

ಎಷ್ಟು ಹೊಡೀಬೇಕು ಅನ್ನೋದು ಡಬ್ಬಿ ಮೇಲೇ ಬರೆದಿರತ್ತೆ, ಅದೇ ಕೊನೆ ಮಾತು. ಬರೆದೇ ಇಲ್ಲ ಅಂದ್ರೆ ಆ ಡಬ್ಬಿ ಬೇಡ. ಗ್ಯಾರೇಜ್ ಕಂಪ್ರೆಸರ್ ಬಗ್ಗೆ ನನಗಿರೋ ತಕರಾರು ಏನಂದ್ರೆ ಅದರ ಟ್ಯಾಂಕಲ್ಲಿ 8-10 ಬಾರ್ ನಿಂತಿರತ್ತೆ, ಟೈರಿಗೆ ಅದು ನಿಧಾನಕ್ಕೆ ಏರತ್ತೆ, ನಿಮ್ಮ ಅರ್ಧ ಲೀಟರ್ ಡಬ್ಬಿಗೆ ಕಣ್ಣು ಮಿಟುಕಿಸೋದ್ರೊಳಗೆ ತುಂಬಿ ಮಿತಿ ದಾಟಿರತ್ತೆ, ಮುಳ್ಳು ನೋಡೋಷ್ಟರಲ್ಲಿ ಕೆಲಸ ಮುಗಿದಿರತ್ತೆ. ರೆಗ್ಯುಲೇಟರ್ (ಹೊರಗೆ ಬರೋ ಒತ್ತಡ ಹೊಂದಿಸೋ ತಿರುಗಣೆ) ಮೊದಲೇ ಇಳಿಸಿಟ್ಕೊಂಡು ಆಮೇಲೆ ಹಚ್ಚಿ. ಜಾಸ್ತಿ ಆದ್ರೆ ತಾನಾಗೇ ಬಿಡೋ ಸೇಫ್ಟಿ ವಾಲ್ವ್ ಇರೋ ಡಬ್ಬಿ ತಗೊಂಡ್ರೆ ನಿಮಗೂ ನೆಮ್ಮದಿ.

ತುಂಬಿಟ್ಟು ಎರಡು ದಿನ ಬಿಟ್ಟು ನೋಡಿದ್ರೆ ಖಾಲಿ ಅಂತ ಇನ್ನೊಬ್ರು ಬರೆದಿದಾರೆ. ವಾಲ್ವಿಗೆ, ಗುಂಡಿ ಬುಡಕ್ಕೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳತ್ತೋ ಅಲ್ಲೇ ಲೀಕು. ಪಿನ್ ಟೈಟ್ ಮಾಡಿ, ಇಲ್ಲಾಂದ್ರೆ ರಬ್ಬರ್ ರಿಂಗ್ ಬದಲಾಯ್ಸಿ.

ಪ್ರಶ್ನೆ: ಊದುವಾಗ ನೀರಿನ ಹನಿ ಹಾರಿ ಲೆನ್ಸ್ ಮೇಲೆ ಕೂತ್ಕೊಂತು. ಡಬ್ಬಿಗೆ ನಾನು ನೀರೇ ಹಾಕಿಲ್ಲ!

ಉತ್ತರ: ಹಾಕಿದೀರ, ಪಂಪಿಂದ. ಸುತ್ತಲ ಗಾಳಿಯಲ್ಲಿ ನೀರಾವಿ ಇದ್ದೇ ಇರತ್ತೆ. 30 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರೆ 30 ಗ್ರಾಂ ನೀರಾವಿ ಹಿಡ್ಕೊಳತ್ತೆ, ಈ ಮಿತಿ ಜಾಗದ ಲೆಕ್ಕ, ಒತ್ತಡದ ಲೆಕ್ಕ ಅಲ್ಲ. ನೀವು ನಾಲ್ಕು ಲೀಟರ್ ಗಾಳಿನ ಅರ್ಧ ಲೀಟರ್ ಜಾಗಕ್ಕೆ ತುರುಕಿದಾಗ ಆ ನಾಲ್ಕು ಲೀಟರಿನ ಆವಿ ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸಲ್ಲ, ಉಳಿದದ್ದು ನೀರಾಗಿ ತಳಕ್ಕಿಳಿಯತ್ತೆ. ತೇವಾಂಶ ಶೇಕಡ 70 ಇರೋ ದಿನ ಒಂದು ಸಲ ತುಂಬಿದ್ರೆ ಒಂದು ಹನಿಗಿಂತ ಸ್ವಲ್ಪ ಜಾಸ್ತಿ ನೀರು ಕೂಡತ್ತೆ. ಒಂದು ಹನಿ ಏನು ಮಹಾ ಅನ್ಸತ್ತೆ, ಆದ್ರೆ ಅದು ಗಾಳಿ ಜೊತೆ ಪೂರ್ತಿ ಹೋಗಲ್ಲ, ತುಂಬಿದಾಗೆಲ್ಲ ಇನ್ನೊಂದು ಹನಿ ಸೇರ್ತಾ ಹೋಗತ್ತೆ, ಉಕ್ಕಿನ ಡಬ್ಬಿ ಆದ್ರೆ ಒಳಗಿಂದ ತುಕ್ಕು ಶುರು.

ಬಿಸಾಡೋ ಡಬ್ಬಿನ ಯಾವತ್ತೂ ತಲೆಕೆಳಗೆ ಹಿಡೀಬಾರದು, ದ್ರವ ನೇರ ಹಾರಿ ಚರ್ಮ ಹೆಪ್ಪುಗಟ್ಟಿಸತ್ತೆ. ಗಾಳಿ ಡಬ್ಬಿಯಲ್ಲಿ ಆ ಭಯ ಇಲ್ಲ, ಬದಲಿಗೆ ಬೇಕಂತಲೇ ತಲೆಕೆಳಗೆ ಮಾಡಿ ಬಟ್ಟೆ ಮೇಲೆ ಒಂದು ಸಲ ಒತ್ತಿ, ಕೂಡಿರೋ ನೀರೆಲ್ಲ ಹೊರಗೆ. ಕ್ರಮ ಹೀಗಿರಲಿ: ತುಂಬಿದ ಮೇಲೆ ಹತ್ತು ನಿಮಿಷ ಬಿಡಿ, ಪಂಪಿನ ಬಿಸಿ ಆರತ್ತೆ, ಆವಿ ನೀರಾಗತ್ತೆ, ಆಗ ತಲೆಕೆಳಗೆ ಮಾಡಿ ನೀರು ಬಿಡಿ, ಆಮೇಲೆ ನೇರ ಹಿಡ್ಕೊಂಡು ಕೆಲಸ ಮಾಡಿ. ದೊಡ್ಡ ಕಂಪ್ರೆಸರಿಂದ ತುಂಬಿದ್ರೆ ನೀರಿನ ಜೊತೆ ಎಣ್ಣೆ ಆವಿನೂ ಬರಬಹುದು, ಎಣ್ಣೆ ಹಾಕಿ ಓಡಿಸೋ ಮಿಷನ್ ಆದ್ರೆ ಖಂಡಿತಾ ಸ್ವಲ್ಪ ಇರತ್ತೆ, ಲೆನ್ಸಿಗೆ ಅದು ಆಗಲ್ಲ.

ಇನ್ನು ಕ್ಯಾಮೆರಾದ ಸೆನ್ಸರ್ ಮೇಲೆ ಮಾತ್ರ ಈ ಎರಡೂ ಡಬ್ಬಿ ಬೇಡವೇ ಬೇಡ, ಹಳೇ ಫಿಲ್ಮ್ ಕ್ಯಾಮೆರಾದ ಷಟರ್ ಪರದೆ ಮೇಲೂ ಬೇಡ. ಅದಕ್ಕೆ ಕೈಯಲ್ಲಿ ಹಿಂಡೋ ರಬ್ಬರ್ ಬಲ್ಬೇ ಸಾಕು.

ಪ್ರಶ್ನೆ: ಖಾಲಿಯಾದ ಸೆಂಟ್ ಡಬ್ಬಿ, ಪೇಂಟ್ ಡಬ್ಬಿ ಬುಡಕ್ಕೆ ತೂತು ಮಾಡಿ ಟೈರ್ ವಾಲ್ವ್ ಕೂರಿಸೋ ವಿಡಿಯೋ ನೋಡಿದೆ. ಮಾಡಬಹುದಾ?

ಉತ್ತರ: ಬೇಡ. ಖಾಲಿ ಅಂತ ಕಾಣೋ ಡಬ್ಬಿಯಲ್ಲೂ ಬೆಂಕಿ ಹತ್ತೋ ಅನಿಲ ಉಳಿದಿರತ್ತೆ, ಡ್ರಿಲ್ಲಿನ ಕಿಡಿ ಸಾಕು. ಅದು ಬಿಡಿ, ಆ ಡಬ್ಬಿ ತಗಡು ಒಂದು ಸಲ ತುಂಬಿ ಬಿಸಾಡೋಕೆ ಮಾಡಿದ್ದು, ತೂತು ಮಾಡಿದ ಮೇಲೆ ಅದು ಎಷ್ಟು ಒತ್ತಡ ತಡಿಯತ್ತೆ ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಪಿವಿಸಿ ಪೈಪಲ್ಲಿ ಗಾಳಿ ಟ್ಯಾಂಕ್ ಮಾಡೋ ಐಡಿಯಾ ಕಳಿಸಿದವ್ರಿಗೂ ಇದೇ ಉತ್ತರ. ನೀರಿನ ಒತ್ತಡಕ್ಕೆ ಪೈಪ್ ಒಡೆದ್ರೆ ನೀರು ಸೋರಿ ಒತ್ತಡ ತಕ್ಷಣ ಇಳಿಯತ್ತೆ, ಗಾಳಿ ಹಂಗಲ್ಲ, ಹಿಗ್ಗಿಕೊಂಡೇ ನುಗ್ಗಿ ಚೂರುಗಳನ್ನ ಕಣ್ಣಿಗೆ ಮುಖಕ್ಕೆ ಎಸೆಯತ್ತೆ. ಆಕ್ಸಿಜನ್ ಸಿಲಿಂಡರಿಂದ ಊದಬಹುದಾ ಅಂತಲೂ ಒಬ್ರು ಕೇಳಿದಾರೆ, ಅಯ್ಯೋ, ಎಣ್ಣೆ ಜಿಡ್ಡಿಗೆ ಶುದ್ಧ ಆಕ್ಸಿಜನ್ ತಗುಲಿದ್ರೆ ತಾನಾಗೇ ಬೆಂಕಿ ಹತ್ಕೋಬಹುದು, ದಯವಿಟ್ಟು ಅದರ ಹತ್ತಿರನೇ ಹೋಗ್ಬೇಡಿ.

ಪ್ರಶ್ನೆ: ದ್ರವ ಹಾಕಿ ಗಾಳಿ ಹೊಡೆದು ಸ್ಪ್ರೇ ಮಾಡೋ ಡಬ್ಬಿ ನನ್ನತ್ರ ಇದೆ. ಮೊದಲು ಚೆನ್ನಾಗಿ ಮಂಜಿನ ಥರ ಬರತ್ತೆ, ಕೊನೆಗೆ ತೊಟ್ಟಿಕ್ಕತ್ತೆ. ಏನೇನು ಹಾಕಬಹುದು ಅಂತಲೂ ಹೇಳಿ.

ಉತ್ತರ: ನೀವು ಡಬ್ಬಿನ ಕಂಠಮಟ್ಟ ತುಂಬ್ತಿದೀರ ಅನ್ಸತ್ತೆ. ಇದರಲ್ಲಿ ತಳ್ಳೋದು ಗಾಳಿ, ದ್ರವ ಹೋದಂಗೆಲ್ಲ ಗಾಳಿಗೆ ಜಾಗ ಜಾಸ್ತಿಯಾಗಿ ಒತ್ತಡ ಬೀಳತ್ತೆ. 7 ಬಾರ್ ಹೊಡೆದಿದ್ರೆ, ಮುಕ್ಕಾಲು ಡಬ್ಬಿ ದ್ರವ ತುಂಬಿದವ್ರಿಗೆ ಕೊನೇ ಹನಿ ಹೊತ್ತಿಗೆ ಉಳಿಯೋದು ಬರೀ 1 ಬಾರ್. ಅರ್ಧ ತುಂಬಿದವ್ರಿಗೆ 3 ಬಾರ್. ಮೂರನೇ ಒಂದು ಭಾಗ ಮಾತ್ರ ತುಂಬಿದ್ರೆ 4 ಬಾರಿಗಿಂತ ಸ್ವಲ್ಪ ಮೇಲೇ ನಿಲ್ಲತ್ತೆ. ಅರ್ಧಕ್ಕಿಂತ ಮೇಲೆ ತುಂಬ್ಬೇಡಿ, ಮಧ್ಯೆ ಬೇಕಾದ್ರೆ ಇನ್ನೊಂದೆರಡು ಹೊಡೆತ ಪಂಪ್ ಮಾಡ್ಕೊಳ್ಳಿ, ಅದಕ್ಕೇ ತಾನೇ ವಾಲ್ವ್ ಇರೋದು.

ಹಾಕೋದು ಏನು ಅಂದ್ರೆ, ನೀರು, ಸೋಪಿನ ನೀರು, ತೆಳು ಮಿಷನ್ ಎಣ್ಣೆ ಇಷ್ಟು ನಿಶ್ಚಿಂತೆಯಿಂದ. ಎಣ್ಣೆ ದಪ್ಪ ಇದ್ರೆ ಮಂಜಾಗಲ್ಲ, ದಾರದ ಥರ ಪಿಚಕಾರಿ ಹೊಡಿಯತ್ತೆ. ಬ್ಲೀಚ್, ಆಸಿಡ್ ಹಾಕಿದ್ರೆ ಲೋಹದ ಡಬ್ಬಿನ ಒಳಗಿಂದ ತಿಂದಾಕತ್ತೆ, ತೆಳುವಾದ ಗೋಡೆ ಮೇಲೆ ಒತ್ತಡ ಅಂದ್ರೆ ಮುಂದೆ ಏನು ಅಂತ ಹೇಳ್ಬೇಕಾಗಿಲ್ಲ. ಪೆಟ್ರೋಲ್, ಥಿನ್ನರ್ ಹಾಕ್ತೀನಿ ಅನ್ನೋರಿಗೆ ಒಂದು ಮಾತು, ಡಬ್ಬಿಯೊಳಗೆ ಇಂಧನದ ಆವಿ ಮತ್ತೆ ಒತ್ತಿದ ಗಾಳಿ ಒಟ್ಟಿಗೆ ಇರತ್ತೆ, ಹೊರಗೆ ಅದೇ ಮಂಜಾಗಿ ತೇಲತ್ತೆ, ಸ್ವಿಚ್ಚಿನ ಕಿಡಿ ಸಾಕು. ತಯಾರಿಸಿದವ್ರು ಇಂಥ ದ್ರವ ಆಗತ್ತೆ ಅಂತ ಹೆಸರಿಡಿದು ಬರೆದಿದ್ರೆ ಅಷ್ಟು ಮಾತ್ರ. ಎಣ್ಣೆ ಸ್ಪ್ರೇ ಮಾಡುವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಮಂಜು ಎದೆಗೆ ಒಳ್ಳೇದಲ್ಲ.

ದ್ರವನ ಸೋಸಿ ಹಾಕಿ, ಕೆಲಸ ಮುಗಿದ ಮೇಲೆ ಡಬ್ಬಿ ತಲೆಕೆಳಗೆ ಮಾಡಿ ಒತ್ತಿ. ಒಳಗಿನ ಕೊಳವೆ ತುದಿ ಗಾಳಿಗೆ ಬರೋದ್ರಿಂದ ಬರೀ ಗಾಳಿ ಹೋಗಿ ನಾಝಲ್ ತಾನೇ ಕ್ಲೀನ್ ಆಗತ್ತೆ. ಮುಚ್ಚಳ ಬಿಚ್ಚೋ ಮುಂಚೆ ಗಾಳಿ ಪೂರ್ತಿ ಬಿಟ್ಟಿದೀರಾ ನೋಡ್ಕೊಳ್ಳಿ, ಒತ್ತಡ ಇರುವಾಗ ತಿರುಪಿದ್ರೆ ಮುಚ್ಚಳ ಗುಂಡಿನ ಥರ ಬರತ್ತೆ.

ಪ್ರಶ್ನೆ: ಕೆಲಸ ಆದ್ಮೇಲೆ ಅದರಲ್ಲೇ ಬಟ್ಟೆ ಮೇಲಿನ ಧೂಳು ಊದ್ಕೋತೀನಿ. ಮನೆಯವ್ರು ಬೈತಾರೆ. ಬರೀ ಗಾಳಿ ತಾನೇ?

ಉತ್ತರ: ಮನೆಯವ್ರು ಹೇಳ್ತಿರೋದೇ ಸರಿ. ನಾಝಲ್ ಚರ್ಮಕ್ಕೆ ತಾಗಿದ್ರೆ ಗಾಯದ ಮೂಲಕ ಗಾಳಿ ಒಳಗೆ ಹೋಗಬಹುದು, ರಕ್ತನಾಳಕ್ಕೆ ಹೋದ್ರೆ ಜೀವಕ್ಕೇ ಬರತ್ತೆ, ಕಿವಿ ಹತ್ತಿರ ಆದ್ರೆ ತಮಟೆ ಹರಿಯತ್ತೆ. ಅಮೆರಿಕದ ಕಾರ್ಖಾನೆ ಸುರಕ್ಷತಾ ನಿಯಮದಲ್ಲಿ, ವಸ್ತು ಕ್ಲೀನ್ ಮಾಡೋಕೇ ಗಾಳಿ ಬಳಸಿದ್ರೂ ಒತ್ತಡ 30 ಪಿಎಸ್‌ಐಗಿಂತ ಕಮ್ಮಿ ಇರಬೇಕು, ಚೂರು ಹಾರದಂಗೆ ತಡೆ ಇರಬೇಕು, ಕೆಲಸ ಮಾಡೋರಿಗೆ ರಕ್ಷಣಾ ಸಾಮಗ್ರಿ ಇರಬೇಕು ಅಂತಿದೆ. ಬಟ್ಟೆಗೆ ಬ್ರಷ್ ಇದೆಯಲ್ಲ.

ಇದೇ ಜಾಗದಲ್ಲಿ ಇನ್ನೊಂದು, ಕಂಪ್ಯೂಟರ್ ಫ್ಯಾನಿಗೆ ಊದುವಾಗ ರೆಕ್ಕೆನ ಬೆರಳಲ್ಲಿ ಹಿಡ್ಕೊಳ್ಳಿ. ಗಿರ್ ಅಂತ ಸುತ್ತಿಸೋದು ಮಜಾ ಇರತ್ತೆ, ಗೊತ್ತು, ಆದ್ರೆ ಅದರ ಮಿತಿ ಮೀರಿ ಸುತ್ತಿದ್ರೆ ಬೇರಿಂಗ್ ಹಾಳು, ಮೇಲಾಗಿ ಮೋಟರ್ ಡೈನಮೋ ಆಗಿ ಬೋರ್ಡಿಗೆ ಉಲ್ಟಾ ಕರೆಂಟ್ ಕಳಿಸತ್ತೆ. ಪ್ರಿಂಟರಲ್ಲಿ ಚೆಲ್ಲಿರೋ ಟೋನರ್ ಪುಡಿಗಂತೂ ಊದಲೇಬೇಡಿ, ಕೋಣೆ ತುಂಬಾ ಕಪ್ಪು.

ಪ್ರಶ್ನೆ: ಪರಿಸರಕ್ಕೆ ಇದು ನಿಜವಾಗ್ಲೂ ಒಳ್ಳೇದಾ, ಇಲ್ಲಾ ಮಾರೋಕೆ ಹೇಳೋ ಮಾತಾ?

ಉತ್ತರ: ನಿಜ. ಬಿಸಾಡೋ ಡಬ್ಬಿಯ ಡೈಫ್ಲೋರೋಈಥೇನ್ 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿನ ಸುಮಾರು 124 ಪಟ್ಟು ಭೂಮಿನ ಬಿಸಿ ಮಾಡತ್ತೆ. ಕೆಲವು ಡಬ್ಬಿಯಲ್ಲಿ ಇರೋ ಟೆಟ್ರಾಫ್ಲೋರೋಈಥೇನ್ ಸುಮಾರು 1,430 ಪಟ್ಟು. ಈ ಜಾತಿಯ ಅನಿಲಗಳನ್ನ ಕಮ್ಮಿ ಮಾಡೋಕೆ ಅಂತಲೇ 2016ರಲ್ಲಿ ಆಫ್ರಿಕಾದ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಂದ ಮಾಡ್ಕೊಂಡಿದ್ದು. ಆ ಅನಿಲನ ಬೇಕಂತ ಮೂಗಿಗೆ ಎಳ್ಕೊಂಡ್ರೆ ಹೃದಯದ ಬಡಿತ ತಪ್ಪಿ ಅಲ್ಲೇ ಸಾವು ಬರಬಹುದು, ಹದಿಹರೆಯದ ಮಕ್ಕಳಿರೋ ಮನೆಯಲ್ಲಿ ಈ ಒಂದೇ ಕಾರಣಕ್ಕೆ ನಾನು ಗಾಳಿ ಡಬ್ಬಿ ಕಡೆ.

ಪ್ರಶ್ನೆ: ಗಾಳಿಯಲ್ಲಿ ಬಣ್ಣ ಊದಿ ಚಿತ್ರ ಬಿಡಿಸೋ ಏರ್‌ಬ್ರಷ್ಷಿಗೆ ಈ ಡಬ್ಬಿ ಹಚ್ಚಬಹುದಾ? ಕಂಪ್ರೆಸರ್ ಸದ್ದು ಅಕ್ಕಪಕ್ಕದವ್ರಿಗೆ ಆಗಲ್ಲ.

ಉತ್ತರ: ಹಚ್ಚಬಹುದು, ಚಿತ್ರ ಮುಗಿಯಲ್ಲ. ಏರ್‌ಬ್ರಷ್ಷಿಗೆ 15ರಿಂದ 30 ಪಿಎಸ್‌ಐ ಸಾಕು, ಆದ್ರೆ ಅದು ನಿಮಿಷಕ್ಕೆ ಹತ್ತು ಲೀಟರ್ ಮೇಲೆ ಗಾಳಿ ಕುಡಿಯತ್ತೆ, ನಿಮ್ಮ 3.5 ಲೀಟರ್ ಅರ್ಧ ನಿಮಿಷಕ್ಕೂ ಬರಲ್ಲ. ಹಳೇ ಕಾಲದ ಉಪಾಯ ಒಂದಿದೆ, ಕಾರಿನ ಸ್ಟೆಪ್ನಿ ಟೈರಿಗೆ ಗಾಳಿ ತುಂಬಿಸಿ ತಂದು ಅದರ ವಾಲ್ವಿಗೆ ಅಡಾಪ್ಟರ್ ಹಾಕಿ ಏರ್‌ಬ್ರಷ್ ಪೈಪ್ ಜೋಡಿಸೋದು. ಟೈರಿನ ಒಳಗಿನ ಜಾಗ ಹತ್ತಾರು ಲೀಟರ್, 30 ಪಿಎಸ್‌ಐ ತುಂಬಿದ್ರೂ ನಿಮಗೆ ಕೆಲವು ನಿಮಿಷ ಸಿಗತ್ತೆ, ಸದ್ದೇ ಇಲ್ಲ. ಟೈರ್ ಮೇಲೆ ಬರೆದಿರೋ ಮಿತಿ ದಾಟಿಸ್ಬೇಡಿ. ಅದಕ್ಕಿಂತ ಸರಿಯಾದ ದಾರಿ ಬೇಕಂದ್ರೆ 10-20 ಲೀಟರಿನ ಗಾಳಿ ಟ್ಯಾಂಕ್, ಮುಂದೆ ರೆಗ್ಯುಲೇಟರ್, ಅದರ ಜೊತೆ ನೀರು ಹಿಡಿಯೋ ಫಿಲ್ಟರ್. ಹಗಲು ಹೊತ್ತು ಎಲ್ಲಾದ್ರೂ ತುಂಬಿಸ್ಕೊಂಡು ಬಂದ್ರೆ ರಾತ್ರಿ ಆರಾಮಾಗಿ ಬಣ್ಣ ಹೊಡೀಬಹುದು. ಫಿಲ್ಟರ್ ಮಾತ್ರ ಬಿಡ್ಬೇಡಿ, ಬಣ್ಣದ ಮಧ್ಯೆ ಒಂದು ಹನಿ ನೀರು ಉಗುಳಿದ್ರೆ ಆ ಜಾಗ ಮತ್ತೆ ಉಜ್ಜಿ ಮೊದಲಿಂದ ಮಾಡ್ಬೇಕು.