ಯಾರಿಗೆ ಜಾಸ್ತಿ ನೆಗಡಿ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹಾಸನದ ಖಾಸಗಿ ಕಾಲೇಜೊಂದರಲ್ಲಿ ಕೆಲಸ. ಮಗಳಿಗೆ ನಾಲ್ಕು ವರ್ಷ, ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಮಗನಿಗೆ ಒಂದೂವರೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಜೂನ್‌ನಿಂದ ಈಚೆಗೆ ನಮ್ಮ ಮನೆಯಲ್ಲಿ ನೆಗಡಿ ಇಲ್ಲದ ವಾರವೇ ಇಲ್ಲ. ಮೊದಲು ಮಗಳಿಗೆ, ಆಮೇಲೆ ಮಗನಿಗೆ, ಅವರದು ಇಳಿಯುವ ಹೊತ್ತಿಗೆ ನಮಗೆ. ಹಾಸನಾಂಬೆ ದರ್ಶನಕ್ಕೆ ಬಂದ ನೆಂಟರ ಮಕ್ಕಳು ಸೀನುತ್ತಲೇ ಬಂದರು, ಅಲ್ಲಿಂದ ಮತ್ತೊಂದು ಸುತ್ತು. ಅತ್ತೆ ಬಾಳೆಹಣ್ಣು, ಮೊಸರು ಎರಡನ್ನೂ ನಿಲ್ಲಿಸಿದ್ದಾರೆ. ಏನೂ ಪ್ರಯೋಜನವಿಲ್ಲ.

ನಾನು ಮದುವೆಗೆ ಮುಂಚಿನಿಂದ ಸುಗಮ ಸಂಗೀತ ಕಲಿಯುತ್ತಿದ್ದೇನೆ. ಬುಧವಾರ ಸಂಜೆ ಕ್ಲಾಸು. ಈಗ ಮಕ್ಕಳು ಹುಷಾರಾಗಿದ್ದ ದಿನ ನನ್ನ ಗಂಟಲು ಕಟ್ಟಿರುತ್ತದೆ, ಗಂಟಲು ಸರಿ ಇದ್ದ ದಿನ ಮಕ್ಕಳಿಗೆ ಜ್ವರ. ನಮ್ಮ ಯಜಮಾನರು ಭಾನುವಾರ ಬೆಳಗ್ಗೆ ಸೈಕಲ್ಲಿನಲ್ಲಿ ಶೆಟ್ಟಿಹಳ್ಳಿ ಕಡೆ ಹೋಗುತ್ತಿದ್ದರು. ಸೈಕಲ್ ಮೇಲೆ ಈಗ ಮಗನ ಚಡ್ಡಿ ಒಣಗುತ್ತಿರುತ್ತವೆ. ಹೇಳಿಕೊಳ್ಳಲು ನಾಚಿಕೆ. ಮೊನ್ನೆ ರಾತ್ರಿ ಮಗ ಎದ್ದು ಅಳುವಾಗ ಇಬ್ಬರೂ ಥರ್ಮಾಮೀಟರ್ ಇಟ್ಟುಕೊಂಡೆವು. ನನಗೆ 99.6, ಅವರಿಗೆ 99.2. ನನಗೆ ಒಳಗೊಳಗೇ ಖುಷಿಯಾಯಿತು. ಅವರೇ ಎದ್ದು ಹಾಲು ಬಿಸಿ ಮಾಡಲು ಹೋದರು, ಆದರೆ ಪಾತ್ರೆ ಕುಕ್ಕಿದ ಸದ್ದಿನಲ್ಲೇ ಸಿಟ್ಟು ಗೊತ್ತಾಯಿತು. ಅತ್ತೆ, “ಮಕ್ಕಳು ದೊಡ್ಡವಾಗ್ಲಿ, ಆಮೇಲೆ ಹಾಡ್ಕೋವಂತೆ” ಅನ್ನುತ್ತಾರೆ. ಜನವರಿಯಲ್ಲಿ ನಮ್ಮ ಗುರುಗಳ ಶಿಷ್ಯರೆಲ್ಲ ಸೇರಿ ಕಾರ್ಯಕ್ರಮ ಕೊಡುತ್ತಿದ್ದಾರೆ. ಹೆಸರು ಕೊಡಲಾ, ಬೇಡವಾ?
– ಹೆಸರು ಬೇಡ, ಹಾಸನ

ಉತ್ತರ: ನೆಗಡಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಪತ್ರದಲ್ಲಿ ಜಾಸ್ತಿ ಜಾಗ ಅದಕ್ಕೇ ಸಿಕ್ಕಿದೆ. ಆದರೆ ತೊಡಕು ಇರುವುದು ಅಲ್ಲಿ ಅಂತ ನನಗೆ ಅನಿಸಲಿಲ್ಲ.

ಪುಟ್ಟ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಬರುವುದು ಮಾಮೂಲು. ಹೊಸದಾಗಿ ಅಂಗನವಾಡಿಗೋ ಎಲ್‌ಕೆಜಿಗೋ ಸೇರಿದ ವರ್ಷ ಇನ್ನೂ ಜಾಸ್ತಿ. ಒಂದೊಂದು ನೆಗಡಿ 7ರಿಂದ 10 ದಿನ ಇರುತ್ತದೆ, ಕೆಮ್ಮು ಅದಾದ ಮೇಲೂ ಎಳೆಯುತ್ತದೆ. ನಿಮ್ಮಲ್ಲಿ ಅಂಥ ಮಕ್ಕಳು ಇಬ್ಬರು. ಅದೂ ವರ್ಷಪೂರ್ತಿ ಹಂಚಿಕೊಂಡು ಬರುವುದಿಲ್ಲ, ಮಳೆ ಚಳಿಯ ತಿಂಗಳುಗಳಲ್ಲೇ ಒಂದರ ಹಿಂದೆ ಒಂದು ಬರುತ್ತದೆ. ಹೀಗಿರುವಾಗ ಜೂನ್‌ನಿಂದ ಜನವರಿವರೆಗೆ ಮನೆಮಂದಿಯೆಲ್ಲರ ಮೂಗೂ ಒಣಗಿರುವ ವಾರ ಸಿಗದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನಿಮ್ಮ ಮಕ್ಕಳಿಗೆ ಶಕ್ತಿ ಕಡಿಮೆ ಅಂತಲೂ ಅಲ್ಲ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು ಇವೆ. ಒಂದು ಬಂದು ಹೋದರೆ ಇನ್ನೊಂದಕ್ಕೆ ತಡೆ ಸಿಗುವುದಿಲ್ಲ. ಹಾಗಾಗಿ ‘ಇಮ್ಯುನಿಟಿ’ ಡಬ್ಬಗಳಿಗೆ ದುಡ್ಡು ಸುರಿಯಬೇಡಿ. ಬಾಳೆಹಣ್ಣು, ಮೊಸರನ್ನು ಮಕ್ಕಳಿಗೆ ವಾಪಸ್ ಕೊಡಿ. ಪಾಪ, ಅವು ಮಾಡಿದ ತಪ್ಪೇನು?

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಈ ವೈರಸ್‌ಗಳಿಗೆ ದೊಡ್ಡ ದಾರಿಯೇ ನಮ್ಮ ಕೈ. ಮಗಳು ಶಾಲೆಯಿಂದ ಬಂದ ಕೂಡಲೇ ಬ್ಯಾಗ್ ಇಳಿಸುವ ಮುಂಚೆ ಸೋಪು ಹಚ್ಚಿ ಕೈ ತೊಳೆಸಿ. ಮಗನ ಮೂಗು ಒರೆಸಿದ ಮೇಲೆ ನೀವೂ ತೊಳೆಯಿರಿ. ವೇಲಿನ ತುದಿಯಲ್ಲಿ ಅವನ ಮೂಗು ಒರೆಸಿ ಅದೇ ತುದಿಯಲ್ಲಿ ನಿಮ್ಮ ಮುಖದ ಬೆವರು ಒರೆಸಿಕೊಳ್ಳುವುದು ಬೇಡ. ಇನ್ನೊಂದು, ಇದನ್ನು ತಾಯಂದಿರೆಲ್ಲ ಮಾಡುತ್ತಾರೆ: ಮಗು ಬಿಟ್ಟ ಅರ್ಧ ಇಡ್ಲಿ, ಜೊಲ್ಲು ಹತ್ತಿದ ಬಿಸ್ಕತ್ತು, ಕಲಸಿಟ್ಟ ಎರಡು ತುತ್ತು ಅನ್ನ, ಎಲ್ಲ ‘ದಂಡ ಆಗಬಾರದು’ ಅಂತ ನಮ್ಮ ಬಾಯಿಗೆ. ನೆಗಡಿ ಇರುವ ವಾರದಲ್ಲಾದರೂ ಅದು ದಂಡವಾಗಲಿ. ಮಕ್ಕಳಿಗೆ ಮುತ್ತು ಕೊಡುವುದನ್ನು ನಿಲ್ಲಿಸಿ ಅಂತ ಮಾತ್ರ ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ.

ಔಷಧಿ ವಿಷಯ ಚಿಕ್ಕದಾಗಿ. ನೆಗಡಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಕೆಮ್ಮು, ನೆಗಡಿಯ ಸಿರಪ್ಪುಗಳನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿದೆ. ವಿಕ್ಸ್ ಕೂಡ 2 ವರ್ಷದೊಳಗಿನವರಿಗೆ ಹಚ್ಚಬೇಡಿ. ಬಿಸಿನೀರಿನ ಪಾತ್ರೆ ಇಟ್ಟು ಮಕ್ಕಳಿಗೆ ಹಬೆ ಕೊಡಿಸುವುದೂ ಬೇಡ, ಮೈ ಸುಟ್ಟುಕೊಳ್ಳುವ ಅಪಾಯವೇ ಜಾಸ್ತಿ. ನೀವು ದೊಡ್ಡವರು ಮೆಣಸಿನ ಸಾರೋ ಶುಂಠಿ ಕಷಾಯವೋ ಕುಡಿಯಿರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮಗು ಜೋರಾಗಿ ಉಸಿರೆಳೆಯುತ್ತಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ನೀರು ಬೇಡ ಅಂದರೆ, ಜ್ವರ ಮೂರು ದಿನ ದಾಟಿದರೆ ಡಾಕ್ಟರ ಹತ್ತಿರ ಹೋಗಿ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡುತ್ತಾರೆ, ‘ಮಕ್ಕಳಿಂದ ಬಂದದ್ದು’ ಅಂತ ಸುಮ್ನೆ ಇರಬೇಡಿ. ಬೆಳಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ಕಣ್ಣು ತುರಿಕೆ, ಜ್ವರ ಮಾತ್ರ ಇಲ್ಲ ಅಂತಾದರೆ ಅದು ಅಲರ್ಜಿ ಇರಬಹುದು. ಅದರ ಮದ್ದು ಬೇರೆ.

ಈಗ 99.6ರ ವಿಷಯಕ್ಕೆ ಬರೋಣ.

ಡಾಕ್ಟರ ಲೆಕ್ಕದಲ್ಲಿ 100.4 ಮುಟ್ಟದೆ ಅದನ್ನು ಜ್ವರ ಅನ್ನುವುದಿಲ್ಲ. ಅಲ್ಲಿಗೆ ಇಬ್ಬರೂ ಫೇಲು. ತಮಾಷೆ ಬಿಡಿ, ನೀವು ನಾಚಿಕೆಪಟ್ಟುಕೊಂಡು ಬರೆದ ಆ ನಾಲ್ಕು ಸಾಲೇ ಪತ್ರದಲ್ಲಿ ಮುಖ್ಯವಾದದ್ದು. ಮಧ್ಯರಾತ್ರಿ ಇಬ್ಬರು ದೊಡ್ಡವರು ಮಂಚದ ಮೇಲೆ ಕೂತು, ನಾಲಿಗೆ ಕೆಳಗೆ ಥರ್ಮಾಮೀಟರ್ ಇಟ್ಟುಕೊಂಡು, ನಂದು ಜಾಸ್ತಿ ಬರಲಿ ಅಂತ ಕಾಯುತ್ತಾರೆ ಅಂದರೆ ಏನರ್ಥ? ನಿಮ್ಮ ಮನೆಯಲ್ಲಿ ಸಿಎಲ್ ಇಲ್ಲ, ಇರುವುದು ಮೆಡಿಕಲ್ ಲೀವ್ ಒಂದೇ. ಯಾರಿಗೆ ಹುಷಾರಿಲ್ಲವೋ ಅವರಿಗೆ ಮಲಗುವ ಹಕ್ಕು. ಹುಷಾರಾಗಿದ್ದವರು ಎದ್ದು ಹಾಲು ಕಾಯಿಸಬೇಕು, ಡೈಪರ್ ಬದಲಾಯಿಸಬೇಕು. ಅಂದ ಮೇಲೆ ಯಾರು ತಾನೇ ‘ನಾನು ಹುಷಾರಾಗಿದ್ದೀನಿ’ ಅಂತ ಒಪ್ಪಿಕೊಳ್ಳುತ್ತಾರೆ?

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಚಿಕ್ಕ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ. ಒಬ್ಬರು ಒಮ್ಮೆ ಜೋರಾಗಿ ಕೆಮ್ಮಿದರೆ ಇನ್ನೊಬ್ಬರಿಗೆ ಮರುಕ ಬರುವುದಿಲ್ಲ, ಅನುಮಾನ ಬರುತ್ತದೆ. ಗಂಡ ‘ನನಗೂ ತಲೆ ಸಿಡೀತಿದೆ’ ಅಂದ ಕೂಡಲೇ ಹೆಂಡತಿಗೆ ‘ಶುರುವಾಯ್ತು’ ಅನಿಸುತ್ತದೆ. ಅದರಲ್ಲಿ ಇಬ್ಬರದೂ ಕೆಟ್ಟ ಬುದ್ಧಿಯೇನಿಲ್ಲ. ಇಬ್ಬರಿಗೂ ನಿದ್ದೆ ಇಲ್ಲ, ಅಷ್ಟೇ.

ನಿದ್ದೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದವರು 153 ಜನ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಬಿಟ್ಟು ಯಾರಿಗೆ ನೆಗಡಿ ಬರುತ್ತದೆ ಅಂತ ನೋಡಿದ್ದರು. ಅದರ ವರದಿ ಬಂದದ್ದು 2009ರಲ್ಲಿ. ಎಂಟು ಗಂಟೆ ಅಥವಾ ಹೆಚ್ಚು ನಿದ್ದೆ ಮಾಡುವವರಿಗಿಂತ ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಬರುವ ಸಂಭವ ಸುಮಾರು ಮೂರು ಪಟ್ಟು ಇತ್ತು. ಒಂದೂವರೆ ವರ್ಷದ ಮಗು ಇರುವ ಮನೆಯಲ್ಲಿ ಎಂಟು ಗಂಟೆ ನಿದ್ದೆ ಅಂದರೆ ನೀವು ನಗಬಹುದು. ಆದರೆ ಇಬ್ಬರೂ ರಾತ್ರಿಯಿಡೀ ಅರೆಬರೆ ಎದ್ದಿರುವ ಬದಲು ಸರದಿ ಮಾಡಿಕೊಳ್ಳಬಹುದು ಅಲ್ವಾ? ಒಂದು ರಾತ್ರಿ ಮಗ ಅತ್ತರೆ ನೀವು, ಮಾರನೆಯ ರಾತ್ರಿ ಅವರು. ಸರದಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ಯಾರಿಗೆ ಎಷ್ಟು ಟೆಂಪರೇಚರ್ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನಿಜವಾಗಿ ಜ್ವರ ಬಂದು ಏಳಲಾಗದಿದ್ದಾಗ ಸರದಿ ಮುರಿಯಿರಿ, ಅದು ಬೇರೆ.

ಹಾಡಿಗೂ ಸೈಕಲ್ಲಿಗೂ ಇದೇ. ‘ಎಲ್ಲರೂ ಹುಷಾರಾದ ಮೇಲೆ’ ಅಂತ ಕಾದರೆ ಮಾರ್ಚ್ ಬಂದುಬಿಡುತ್ತದೆ. ಬುಧವಾರ ಸಂಜೆ ನಿಮ್ಮದು. ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತು ಅವರದು. ಮನೆಯಲ್ಲಿ ಒಂದಿಬ್ಬರ ಮೂಗು ಸುರಿಯುತ್ತಿದ್ದರೂ ಇದು ನಡೆಯಬೇಕು. ಹಾಲು ಕುಡಿದು ಆಟವಾಡುವ ಮಗುವಿಗೆ ಬರೀ ನೆಗಡಿ ಇದ್ದರೆ ನೋಡಿಕೊಳ್ಳಲು ಒಬ್ಬರು ಸಾಕು. ಇಬ್ಬರೂ ಪಕ್ಕದಲ್ಲಿ ಕೂತರೆ ಅದು ಬೇಗ ವಾಸಿಯಾಗುತ್ತದೆಯೇ?

ನಿಮ್ಮ ಸರದಿಯ ದಿನವೇ ನಿಮಗೆ ಹುಷಾರಿಲ್ಲದಿದ್ದರೆ? ಆ ಹೊತ್ತು ಆಗಲೂ ನಿಮ್ಮದೇ. ಮಲಗಿ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಮಾತ್ರ ಬೇಡ. ‘ಹೋದ ವಾರ ನಾನು ಬಿಟ್ಟುಕೊಟ್ಟೆ, ಈ ವಾರ ನೀವು ಬಿಡಿ’ ಅಂತ ಒಂದು ಸಲ ಶುರುವಾದರೆ ಮತ್ತೆ ಥರ್ಮಾಮೀಟರ್ ಹೊರಗೆ ಬರುತ್ತದೆ. ಅವರಿಗೆ ಬರೀ ಮೂಗು ಸೋರುತ್ತಿದ್ದರೆ ನಿಧಾನವಾಗಿ ಒಂದಿಷ್ಟು ದೂರ ಸೈಕಲ್ ಹೊಡೆಯಬಹುದು. ಎದೆ ಬಿಗಿತ, ಮೈಕೈ ನೋವು, ಜ್ವರ ಇದ್ದರೆ ಬೇಡ. ಜ್ವರದಲ್ಲಿ ದಣಿದರೆ ಹೃದಯಕ್ಕೂ ತೊಂದರೆಯಾಗಬಹುದು. ಶೆಟ್ಟಿಹಳ್ಳಿಗೆ ಹೋಗಿ ಬರಲು 40 ಕಿ.ಮೀ. ಮೇಲೆಯೇ ಆಗುತ್ತದೆ. ಅದಿಲ್ಲದಿದ್ದರೆ ಇನ್ನೇನೂ ಇಲ್ಲ ಅನ್ನುವ ಹಟ ಅವರು ಬಿಡಲಿ. ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದು ಒಂದು ಟೀ ಕುಡಿದು ಬಂದರೂ ಅದು ಅವರ ಭಾನುವಾರವೇ. ಮೊದಲು ಆ ಸೈಕಲ್ ಮೇಲಿನ ಬಟ್ಟೆ ತೆಗೆದು ಹಗ್ಗಕ್ಕೆ ಹಾಕಿ.

ಗಂಟಲಿನ ಲೆಕ್ಕ ಸ್ವಲ್ಪ ಬೇರೆ. ಮೂಗು ಕಟ್ಟಿ ದನಿ ಚೆನ್ನಾಗಿದ್ದರೆ ಕೆಳಗಿನ ಶ್ರುತಿಯಲ್ಲಿ ಮೆಲ್ಲಗೆ ಹಾಡಿಕೊಳ್ಳಬಹುದು. ದನಿ ಒಡೆದಿದ್ದರೆ ಹಾಡಲೇಬೇಡಿ, ಪಿಸುಮಾತೂ ಬೇಡ. ಪಿಸುಗುಟ್ಟಿದರೆ ಗಂಟಲಿಗೆ ಆರಾಮ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಎಷ್ಟೋ ಜನರಿಗೆ ಅದರಿಂದ ಇನ್ನಷ್ಟು ಆಯಾಸ. ನೀರು ಕುಡಿಯುತ್ತಿರಿ. ನೆಗಡಿಯ ಮೊದಲ ಎರಡು ಮೂರು ದಿನ ಬೇರೆಯವರಿಗೆ ಹರಡುವುದು ಜಾಸ್ತಿ, ಆ ವಾರ ಕ್ಲಾಸಿಗೆ ಹೋಗಬೇಡಿ. ಗೆಳತಿಯೊಬ್ಬರು ಪಾಠ ರೆಕಾರ್ಡ್ ಮಾಡಿ ಕಳಿಸಿದರೆ ಕೋಣೆಯಲ್ಲಿ ಕೂತು ಕೇಳಿ. ಆಮೇಲೂ ದನಿ ಬಾರದಿದ್ದರೆ ಹೋಗಿ ಸುಮ್ನೆ ಕೂತು ತಾಳ ಹಾಕಿ, ಸಾಹಿತ್ಯ ಬರೆದುಕೊಳ್ಳಿ. ಹಾಡದ ಬುಧವಾರವೂ ಕ್ಲಾಸೇ.

ಜನವರಿಗೆ ಹೆಸರು ಕೊಡಿ. ಒಬ್ಬರೇ ಹಾಡುವುದಕ್ಕಲ್ಲ, ಗುಂಪಿನ ಹಾಡಿಗೆ. ಅದು ಸೋಲು ಅಂದುಕೊಳ್ಳಬೇಡಿ. ಎಂಟು ಜನ ಹಾಡುವಾಗ ಕಾರ್ಯಕ್ರಮದ ದಿನ ನಿಮ್ಮ ಗಂಟಲು ಕೈಕೊಟ್ಟರೂ ಹಾಡು ನಿಲ್ಲುವುದಿಲ್ಲ, ನಿಮಗೂ ಆ ಭಯ ಇರುವುದಿಲ್ಲ. ಗುರುಗಳಿಗೆ ಈಗಲೇ ಹೇಳಿಡಿ: ಮನೆಯಲ್ಲಿ ಇಬ್ಬರು ಪುಟ್ಟವರಿದ್ದಾರೆ, ಆ ವಾರ ದನಿ ಹೇಗಿರುತ್ತದೋ ಗೊತ್ತಿಲ್ಲ ಅಂತ. ಅವರು ಇಂಥ ಎಷ್ಟು ತಾಯಂದಿರನ್ನು ನೋಡಿದ್ದಾರೋ.

‘ದೊಡ್ಡವಾಗ್ಲಿ’ ಅನ್ನುವ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಅಮೆರಿಕದ ಟಕ್ಸನ್ ಊರಿನಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ 13 ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಬಂತು. ಚಿಕ್ಕಂದಿನಲ್ಲಿ ಜಾಸ್ತಿ ಮಕ್ಕಳಿರುವ ಡೇಕೇರಿಗೆ ಹೋದವರಿಗೆ ಎರಡನೇ ವರ್ಷದಲ್ಲಿ ನೆಗಡಿ ಹೆಚ್ಚಿತ್ತು, ಆದರೆ 6ರಿಂದ 11ರ ವಯಸ್ಸಿನಲ್ಲಿ ಮನೆಯಲ್ಲೇ ಬೆಳೆದ ಮಕ್ಕಳಿಗಿಂತ ಕಡಿಮೆ ಇತ್ತು. ನಿಮ್ಮ ಮಗಳದೂ ಪ್ರೈಮರಿಗೆ ಬರುವಷ್ಟರಲ್ಲಿ ತಗ್ಗುತ್ತದೆ. ಆದರೆ ಅಷ್ಟು ಹೊತ್ತಿಗೆ ಮಗ ಎಲ್‌ಕೆಜಿ ಸೇರುತ್ತಾನೆ. ಅಲ್ಲಿಯವರೆಗೆ ಹಾಡು ಬಿಟ್ಟರೆ ಮತ್ತೆ ಶ್ರುತಿ ಪೆಟ್ಟಿಗೆ ತೆರೆಯಲು ನಿಮಗೇ ಸಂಕೋಚವಾಗುತ್ತದೆ.

ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ, ಕೆಲಸ ಕೇಳಿ. ಬುಧವಾರ ಮನೆಯಲ್ಲಿರಬೇಕಾದವರು ನಿಮ್ಮ ಯಜಮಾನರು. ಅತ್ತೆಯವರನ್ನು ಕೇಳಬೇಕಾದದ್ದು ಅವರು ಆಫೀಸಿನಿಂದ ಬರುವವರೆಗಿನ ಅರ್ಧ ಗಂಟೆ ಮಾತ್ರ. ‘ಮಕ್ಕಳನ್ನ ನೋಡ್ಕೋತೀರಾ’ ಅಂದರೆ ಯಾರಿಗೂ ಗಾಬರಿಯಾಗುತ್ತದೆ. ‘ಅತ್ತೆ, ಐದೂವರೆಯಿಂದ ಆರರವರೆಗೆ ಪಾಪುನ ನಿಮ್ಮ ಹತ್ರ ಕೂರಿಸ್ಕೊಂಡಿರಿ, ಆರಕ್ಕೆ ನಿಮ್ಮ ಮಗ ಬರ್ತಾರೆ’ ಅನ್ನಿ. ವಯಸ್ಸಾದವರಿಗೆ ಫ್ಲೂ ಜ್ವರ ನಮಗಿಂತ ಜೋರಾಗಿ ತಗಲುತ್ತದೆ. ವರ್ಷಕ್ಕೊಮ್ಮೆ ಹಾಕಿಸುವ ಅದರ ಲಸಿಕೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ಅತ್ತೆಯವರಿಗೂ ಮಕ್ಕಳಿಗೂ ಹಾಕಿಸಿ. ಆ ಲಸಿಕೆ ಮಾಮೂಲಿ ನೆಗಡಿಯನ್ನು ತಡೆಯುವುದಿಲ್ಲ ಅಂತ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮುಂದಿನ ಸೀನಿಗೆ ಇಂಜೆಕ್ಷನ್ನೇ ಕಾರಣ ಅಂದಾರು.