ಚೌಡಯ್ಯ ಹಾಲ್‌ನಂಥ ಕಡೆ ರಾಕ್ ಬ್ಯಾಂಡ್ ಕಾರ್ಯಕ್ರಮಕ್ಕೆ ಯಾವ ಸೀಟು ತಗೊಳ್ಳಬೇಕು, ಎದ್ದು ಕುಣಿಯಬಹುದಾ?

ನೀವು ಕೇಳಿರೋದು ಮೂರು ಮಾತು. ಮುಂದಿನ ಸಾಲಿನ ಟಿಕೆಟ್‌ಗೆ ಹೆಚ್ಚು ದುಡ್ಡು ಕೊಡಬೇಕಾ? ಕುರ್ಚಿ ಹಾಕಿರೋ ಸಭಾಂಗಣದಲ್ಲಿ ಎದ್ದು ನಿಲ್ಲಬಹುದಾ? 68 ವರ್ಷದ ತಂದೆಯವರನ್ನೂ 7 ವರ್ಷದ ಮಗಳನ್ನೂ ಕರೆದುಕೊಂಡು ಹೋಗಬಹುದಾ? ಮೊದಲನೆಯದಕ್ಕೆ ನನ್ನ ಉತ್ತರ, ಬೇಡ. ಎರಡನೆಯದಕ್ಕೆ, ನಿಲ್ಲಬಹುದು, ಆದರೆ ನಿಮ್ಮ ಹಿಂದಿನ ಸಾಲನ್ನು ನೋಡಿಕೊಂಡು. ಮೂರನೆಯದಕ್ಕೆ, ಧಾರಾಳವಾಗಿ ಕರೆದುಕೊಂಡು ಹೋಗಿ, ಕಿವಿಗೆ ವ್ಯವಸ್ಥೆ ಮಾಡಿಕೊಂಡು.

2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನ ನಿಂತು ಕೇಳಿದರು. ಮೈದಾನದಲ್ಲಿ ಸೌಂಡ್ ಸರಿ ಬರದಿದ್ದರೆ ಹತ್ತು ಹೆಜ್ಜೆ ಆಚೆ ಹೋಗಬಹುದು. ಪಿಟೀಲಿನ ಆಕಾರದಲ್ಲಿ ಕಟ್ಟಿದ, ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನ ಸಭಾಂಗಣದಲ್ಲಿ ಹಾಗಾಗಲ್ಲ. ಸಾವಿರ ಚಿಲ್ಲರೆ ಕುರ್ಚಿಗಳಲ್ಲಿ ನಿಮ್ಮದು ಒಂದು, ಎರಡು ಗಂಟೆ ಅಲ್ಲೇ. ಅದಕ್ಕೇ ಅರ್ಧ ಕೆಲಸ ಟಿಕೆಟ್ ತಗೊಳ್ಳುವಾಗಲೇ ಮುಗಿದಿರಬೇಕು.

ಮೊದಲ ಎರಡು ಮೂರು ಸಾಲು ಯಾಕೆ ಬೇಡ ಅಂದೆ ಅಂದರೆ, ಅಲ್ಲಿ ಹಾಡಿನ ಮಾತು ಕೇಳಿಸಲ್ಲ. ಡ್ರಮ್ಸ್‌ಗೆ ಮೈಕೇ ಬೇಕಿಲ್ಲ, ಅದರ ಸದ್ದು ನೇರವಾಗಿ ವೇದಿಕೆಯಿಂದಲೇ ಬಂದು ಎದೆಗೆ ಹೊಡೆಯುತ್ತೆ. ಗಿಟಾರಿನ ಆಂಪ್ಲಿಫೈಯರ್ ಕೂಡ ವೇದಿಕೆಯ ಮೇಲೇ ಇರುತ್ತೆ. ಗಾಯಕರ ದನಿ ಮಾತ್ರ ಎಡಬಲದ ದೊಡ್ಡ ಸ್ಪೀಕರ್‌ಗಳಿಂದ ಬರಬೇಕು, ಆ ಸ್ಪೀಕರ್‌ಗಳು ಮುಂದಿನ ಸಾಲಿನವರ ತಲೆ ದಾಟಿಸಿ ಹಿಂದಕ್ಕೆ ಮುಖ ಮಾಡಿರುತ್ತವೆ. ಒಳ್ಳೆಯ ಸೌಂಡ್ ತಂಡ ವೇದಿಕೆಯ ಅಂಚಿನಲ್ಲಿ ನಾಲ್ಕು ಚಿಕ್ಕ ಸ್ಪೀಕರ್ ಇಟ್ಟು ಈ ಕೊರತೆ ತುಂಬುತ್ತೆ, ಆದರೆ ಎಲ್ಲರೂ ಇಡಲ್ಲ. ಶರೀಫರ ತತ್ವಪದವನ್ನು ರಾಕ್ ಮಾಡಿ ಹಾಡುವ ರಘು ದೀಕ್ಷಿತ್ ಪ್ರಾಜೆಕ್ಟ್‌ನಂಥ ತಂಡಕ್ಕೆ ಹೋಗಿ ಪದವೇ ಕೇಳಿಸದೆ ಬಂದರೆ ಹೋಗಿದ್ದು ದಂಡ. ಜೊತೆಗೆ ಸಬ್‌ವೂಫರ್‌ಗಳನ್ನು (ತಗ್ಗಿನ ಬೇಸ್ ಸದ್ದಿಗೇ ಇರುವ ದೊಡ್ಡ ಸ್ಪೀಕರ್) ಸಾಮಾನ್ಯವಾಗಿ ವೇದಿಕೆಯ ಬುಡದಲ್ಲಿ ನೆಲದ ಮೇಲೇ ಇಟ್ಟಿರುತ್ತಾರೆ. ಮೊದಲ ಸಾಲಿನ ಮಗುವಿಗೂ ಅದಕ್ಕೂ ಮೂರು ನಾಲ್ಕು ಮೀಟರ್ ಅಂತರ ಅಷ್ಟೇ.

ಎಲ್ಲಿ ಕೂರಬೇಕು ಅಂದರೆ, ಮಿಕ್ಸರ್ (ಎಲ್ಲಾ ವಾದ್ಯ, ದನಿಗಳ ಸದ್ದನ್ನು ಹದ ಮಾಡುವ ಯಂತ್ರ) ಎಲ್ಲಿದೆ ನೋಡಿ. ಸಭಾಂಗಣದ ನಡುಭಾಗದಲ್ಲೋ ಮುಕ್ಕಾಲು ಪಾಲು ಹಿಂದೆಯೋ ಒಂದಷ್ಟು ಕುರ್ಚಿ ತೆಗೆದು ಅಥವಾ ಕುರ್ಚಿಗಳ ಮೇಲೇ ಹಲಗೆ ಹಾಕಿ ಸೌಂಡ್ ಎಂಜಿನಿಯರ್‌ಗೆ ಜಾಗ ಮಾಡಿರುತ್ತಾರೆ. ಟಿಕೆಟ್ ಆ್ಯಪ್‌ನ ಸೀಟು ನಕ್ಷೆಯಲ್ಲಿ ಮಧ್ಯದಲ್ಲಿ ಆರೆಂಟು ಸೀಟು ಬೂದು ಬಣ್ಣದಲ್ಲಿ ಚೌಕವಾಗಿ ಮುಚ್ಚಿದ್ದರೆ ಬಹುಪಾಲು ಅದೇ ಜಾಗ. ಎಂಜಿನಿಯರ್ ಇಡೀ ರಾತ್ರಿ ತನ್ನ ಕಿವಿಗೆ ಬಿದ್ದದ್ದನ್ನೇ ಸರಿಮಾಡುತ್ತಿರುತ್ತಾರೆ. ಅವರ ಕಿವಿಯ ಹತ್ತಿರ ನಿಮ್ಮ ಕಿವಿ ಇದ್ದರೆ ಅವರು ಮಾಡಿದ ಹದವೇ ನಿಮಗೂ ಸಿಗುತ್ತೆ. ಆ ಚೌಕದ ಎರಡರಿಂದ ಐದು ಸಾಲು ಮುಂದೆ ನನ್ನ ಮಟ್ಟಿಗೆ ಅತ್ಯುತ್ತಮ. ಅಗಂ, ಸ್ವರಾತ್ಮ ಥರದ ಬೆಂಗಳೂರಿನ ತಂಡಗಳಲ್ಲಿ ಒಂದೇ ಹೊತ್ತಿಗೆ ಐದಾರು ವಾದ್ಯ ಸೇರುತ್ತವೆ, ಪಿಟೀಲೋ ಎರಡನೇ ಗಿಟಾರೋ ಬೇರೆಯಾಗಿ ಕಿವಿಗೆ ಬೀಳೋದು ಅಲ್ಲೇ.

ಸೀಟು ಆರಿಸುವಾಗ ಇನ್ನೆರಡು ವಿಷಯ ಗಮನದಲ್ಲಿರಲಿ. ಎಡಬಲದ ಸಬ್‌ವೂಫರ್‌ಗಳಿಗೆ ಸಮದೂರ ಇರುವ ಸರೀ ನಡುಗೆರೆಯಲ್ಲಿ ಎರಡೂ ಕಡೆಯ ಅಲೆ ಒಟ್ಟಿಗೆ ಬಂದು ಬೇಸ್ ದಪ್ಪಗಾಗುತ್ತೆ. ಪಕ್ಕಕ್ಕೆ ಸರಿದ ಹಾಗೆ ಒಂದು ಅಲೆ ಇನ್ನೊಂದನ್ನು ಕೊಂದು ಕೆಲವು ಸ್ವರ ತೆಳ್ಳಗಾಗುತ್ತವೆ. ಹಿಂದಿನ ಗೋಡೆಗೆ ಒರಗಿದ ಸಾಲಿನಲ್ಲೂ ಮೂಲೆಯಲ್ಲೂ ಬೇಸ್ ಮತ್ತೆ ಗುಡ್ಡೆ ಬೀಳುತ್ತೆ. ಎರಡನೆಯದು, ಬಾಲ್ಕನಿ ಇರುವ ಸಭಾಂಗಣವಾದರೆ ಬಾಲ್ಕನಿಯ ಕೆಳಗೆ ತೀರಾ ಒಳಗಿನ ಸಾಲು ಬೇಡ. ತಲೆಯ ಮೇಲಿನ ಸೂರು ಸ್ಪೀಕರನ್ನು ಮರೆ ಮಾಡುತ್ತೆ, ತಾಳದ ತಟ್ಟೆಗಳ ಮಿನುಗು ಹೋಗಿ ಎಲ್ಲಾ ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಬಾಲ್ಕನಿಯ ಮೇಲೆ ಮೊದಲ ಸಾಲು ಅದಕ್ಕಿಂತ ಎಷ್ಟೋ ವಾಸಿ.

ಕಚೇರಿ, ನಾಟಕಕ್ಕೆ ಕಟ್ಟಿದ ಸಭಾಂಗಣದಲ್ಲಿ ರಾಕ್ ಕೆಲವೊಮ್ಮೆ ಗೊಳಗೊಳ ಅನ್ನಿಸೋದಕ್ಕೂ ಕಾರಣ ಇದೆ. ಪರದೆ, ಮೆತ್ತನೆ ಕುರ್ಚಿ, ಜನರ ಬಟ್ಟೆ ಇವೆಲ್ಲ ಏರುಸ್ವರದ ಸದ್ದನ್ನು ಹೀರುತ್ತವೆ, ಬೇಸನ್ನು ಹೀರಲ್ಲ. ಹಾಗಾಗಿ ಮೃದಂಗದ ಚಾಪು ಸ್ಪಷ್ಟವಾಗಿ ಕೇಳುವ ಜಾಗದಲ್ಲೇ ಬೇಸ್ ಗಿಟಾರಿನ ಒಂದು ಸ್ವರ ಮುಗಿಯೋ ಮೊದಲೇ ಮುಂದಿನದು ಮೇಲೆ ಬಂದು ಬೀಳುತ್ತೆ. ಮೊದಲ ಹಾಡಲ್ಲಿ ಹೀಗಾದರೆ ಬೇಸರ ಮಾಡಿಕೊಳ್ಳಬೇಡಿ. ಸಂಜೆ ಸೌಂಡ್ ಚೆಕ್ ನಡೆದದ್ದು ಖಾಲಿ ಸಭಾಂಗಣದಲ್ಲಿ. ಜನ ತುಂಬಿದ ಮೇಲೆ ಲೆಕ್ಕವೇ ಬೇರೆ ಆಗುತ್ತೆ, ಎಂಜಿನಿಯರ್‌ಗೆ ಮತ್ತೆ ಹದ ಹಿಡಿಯೋಕೆ ಎರಡು ಮೂರು ಹಾಡು ಬೇಕು.

ಈಗ ಎದ್ದು ನಿಲ್ಲೋ ವಿಚಾರ. ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತೆ, ನಿಂತರೆ 1.5ರಿಂದ 1.6 ಮೀಟರ್. ಒಂದು ಸಾಲಿಂದ ಅದರ ಹಿಂದಿನ ಸಾಲಿಗೆ ನೆಲ ಏರೋದು ಎಷ್ಟೋ ಕಡೆ ಹತ್ತು ಹದಿನೈದು ಸೆಂಟಿಮೀಟರ್ ಮಾತ್ರ. ಅಂದರೆ ಮುಂದಿನವರು ಎದ್ದರೆ ಆ ಎತ್ತರವನ್ನು ಇಳಿಜಾರು ತುಂಬಿಕೊಡಲ್ಲ, ಹಿಂದಿನವರು ಏಳಲೇಬೇಕು, ಅವರ ಹಿಂದಿನವರೂ. ಒಬ್ಬರು ಎದ್ದ ನಿರ್ಧಾರ ಕೊನೆ ಸಾಲಿನ ತನಕ ಹೋಗುತ್ತೆ. ಅದಕ್ಕೇ ಮೊದಲ ಒಂದು ಗಂಟೆ ಮುಂದಿನ ಸಾಲಿನವರು ಏಳದಿದ್ದರೆ ನೀವೂ ಏಳಬೇಡಿ. ತಂಡ ತಾನೇ ‘ಎಲ್ಲರೂ ಎದ್ದೇಳಿ’ ಅಂತ ಕರೆಯೋದು ಸಾಮಾನ್ಯವಾಗಿ ಕೊನೆಯ ಮೂರು ನಾಲ್ಕು ಹಾಡಿಗೆ, ಆಗ ಸಂಕೋಚ ಬಿಟ್ಟು ಎದ್ದು ಕುಣಿಯಿರಿ, ಕೂತೇ ಇದ್ದರೆ ತಂಡಕ್ಕೂ ಉತ್ಸಾಹ ಇಳಿಯುತ್ತೆ. ಮೊದಲಿಂದಲೇ ಕುಣಿಯಬೇಕು ಅನ್ನೋರು ಕೊನೆಯ ಸಾಲೋ ಪಕ್ಕದ ಗೋಡೆಯ ಕಡೆಯ ಸೀಟೋ ತಗೊಳ್ಳಿ, ಹೆಚ್ಚು ಜನರಿಗೆ ಅಡ್ಡ ಆಗಲ್ಲ. ನಡುದಾರಿಯಲ್ಲಿ ನಿಂತರೆ ಸಿಬ್ಬಂದಿ ಬಂದು ಸೀಟಿಗೆ ಕಳಿಸುತ್ತಾರೆ, ಅವರನ್ನು ಬೈಯಬೇಡಿ, ಬೆಂಕಿ ಬಿದ್ದರೆ ಸಾವಿರ ಜನ ಹೊರಗೆ ಹೋಗಬೇಕಾದ ದಾರಿ ಅದು. ಮಡಚುವ ಕುರ್ಚಿಯ ಮೇಲೆ ಹತ್ತಿ ನಿಲ್ಲೋದಂತೂ ಬೇಡವೇ ಬೇಡ. ಭಾರ ಹಿಂದಕ್ಕೆ ಸರಿದ ಕ್ಷಣ ಕೂರುವ ಹಲಗೆ ಮೇಲೇಳುತ್ತೆ, ಕಾಲು ಸಂದಿಗೆ ಇಳಿಯುತ್ತೆ.

ತಂದೆಯವರ ಮಂಡಿ ನೋವಿನ ವಿಷಯ ಬರೆದಿದ್ದೀರಿ. ಅವರಿಗೆ ಬಾಲ್ಕನಿಯ ಮೊದಲ ಸಾಲು ಸಿಕ್ಕರೆ ಯಾರು ಎದ್ದರೂ ಕೂತೇ ನೋಡಬಹುದು. ಮೆಟ್ಟಿಲು ಹತ್ತೋಕೆ ಆಗಲ್ಲ ಅಂದರೆ ಕೆಳಗೆ, ದಾರಿಗೆ ಅಂಟಿದ ತುದಿ ಸೀಟು. ಮುಂದಿನವರು ಎದ್ದರೂ ದಾರಿಯ ಸಂದಿಯಿಂದ ವೇದಿಕೆಯ ಒಂದು ಪಾಲು ಕಾಣುತ್ತೆ, ನಡುವೆ ಎದ್ದು ಹೋಗೋಕೂ ಸುಲಭ. ಮಗಳಿಗೆ ಮಾತ್ರ ಬಾಲ್ಕನಿ ಕಟಕಟೆಯ ಹತ್ತಿರ ನಿಲ್ಲೋಕೆ ಬಿಡಬೇಡಿ. ಕೂತರೆ ಕಂಬಿ ಕಣ್ಣಿಗೇ ಅಡ್ಡ ಬರುತ್ತೆ ಅಂತ ಮಕ್ಕಳು ಅದರ ಮೇಲೆ ಬಾಗುತ್ತಾರೆ. ದಪ್ಪ ಶಾಲನ್ನು ನಾಲ್ಕು ಮಡಿಕೆ ಹಾಕಿ ಕೆಳಗಿಟ್ಟರೆ ಸಾಕಷ್ಟು ಎತ್ತರ ಸಿಗುತ್ತೆ. ಎಸಿ ಜೋರಿದ್ದರೆ ಅದೇ ಶಾಲು ತಂದೆಯವರಿಗೆ.

ಕಿವಿಯ ವಿಷಯಕ್ಕೆ ಬರೋಣ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನೋದು ಕೆಲಸದ ಜಾಗಗಳಿಗೆ ತಜ್ಞರು ಇಟ್ಟ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧ ಆಗುತ್ತೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಒಳಾಂಗಣದ ರಾಕ್ ಕಾರ್ಯಕ್ರಮ 95ರಿಂದ 105ರ ನಡುವೆ ಓಡಾಡೋದು ಮಾಮೂಲು, ಅದೂ ಎರಡು ಗಂಟೆ. ಹತ್ತಿ ತುರುಕಿದರೆ ಹೆಚ್ಚೇನೂ ಪ್ರಯೋಜನ ಇಲ್ಲ. ಎರಡು ಥರದ ಇಯರ್‌ಪ್ಲಗ್ ಸಿಗುತ್ತವೆ. ಮೆತ್ತನೆ ಫೋಮ್‌ನದು ಅಗ್ಗ, ಚೆನ್ನಾಗಿ ತಡೆಯುತ್ತೆ, ಆದರೆ ಏರುಸ್ವರವನ್ನು ಹೆಚ್ಚು ನುಂಗೋದರಿಂದ ಹಾಡಿನ ಮಾತು ಮಂಕಾಗುತ್ತೆ. ಸಂಗೀತಗಾರರು ಹಾಕುವ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ಎಲ್ಲಾ ಸ್ವರವನ್ನೂ ಹೆಚ್ಚುಕಡಿಮೆ ಸಮವಾಗಿ 12ರಿಂದ 20 ಡೆಸಿಬಲ್ ಇಳಿಸುತ್ತೆ, ಹಾಡು ಹಾಡಾಗೇ ಕೇಳುತ್ತೆ. ದೊಡ್ಡವರಿಗೆ ಇದೇ ತಗೊಳ್ಳಿ, ವರ್ಷಗಟ್ಟಲೆ ಬಾಳುತ್ತೆ.

ಫೋಮ್ ಪ್ಲಗ್ ಹಾಕೋದರಲ್ಲೇ ಬಹಳ ಜನ ಎಡವುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಎರಡು ಬೆರಳ ನಡುವೆ ಹೂಬತ್ತಿ ಹೊಸೆದ ಹಾಗೆ ಸುಕ್ಕು ಬೀಳದಂತೆ ಸಣ್ಣಗೆ ಹೊಸೆಯಿರಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಕಿವಿಯ ದಾರಿ ನೆಟ್ಟಗಾಗುತ್ತೆ. ಒಳಗೆ ತಳ್ಳಿ, ಬೆರಳು ತೆಗೆಯದೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಷ್ಟರಲ್ಲಿ ಅದು ಉಬ್ಬಿ ಗೋಡೆಗೆ ಕೂರುತ್ತೆ. ನಿಮ್ಮ ದನಿ ನಿಮಗೇ ಹಂಡೆಯೊಳಗೆ ಮಾತಾಡಿದ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ. ಎದುರಿಂದ ನೋಡಿದವರಿಗೆ ಪ್ಲಗ್ ಹೊರಗೆ ಚಾಚಿದ್ದು ಕಂಡರೆ ಕೂತಿಲ್ಲ, ತೆಗೆದು ಮತ್ತೆ ಹಾಕಿ. ತೆಗೆಯುವಾಗ ತಿರುಗಿಸುತ್ತಾ ನಿಧಾನ ತೆಗೆಯಿರಿ, ಒಮ್ಮೆಲೇ ಎಳೆದರೆ ಒಳಗಿನ ಗಾಳಿ ಎಳೆದು ಕಿವಿಯ ತಮಟೆ ನೋಯುತ್ತೆ. ಮಗಳಿಗೆ ಪ್ಲಗ್ ಬೇಡ, ಸಣ್ಣ ಕಿವಿಗೆ ಸರಿಯಾಗಿ ಕೂರಲ್ಲ. ಹೆಡ್‌ಫೋನ್ ಥರ ಇರುವ ಮಕ್ಕಳ ಇಯರ್‌ಮಫ್ ತಗೊಳ್ಳಿ, ಹಿಂದಿನ ದಿನ ಮನೆಯಲ್ಲಿ ಟಿವಿ ಹಾಕಿ ಅರ್ಧ ಗಂಟೆ ರೂಢಿ ಮಾಡಿಸಿ. ಅಲ್ಲಿ ಕತ್ತಲಲ್ಲಿ ಮೊದಲ ಸಲ ಹಾಕಿದರೆ ಕಿತ್ತೆಸೆಯುತ್ತಾಳೆ. ಮನೆಗೆ ಬಂದ ಮೇಲೆ ಯಾರಿಗಾದರೂ ಕಿವಿಯಲ್ಲಿ ಗುಂಯ್ ಅನ್ನೋದು ಎರಡು ದಿನವಾದರೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಮಂದವಾದರೆ, ಕಾಯದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಬೆಳಕು, ಹೊಗೆ ಬಗ್ಗೆ ಚುಟುಕಾಗಿ. ಬೆಳಕಿನ ಕಂಬಿಗಳು ಕಾಣಲಿ ಅಂತ ಬಿಡುವ ಮಂಜು ಬಹುತೇಕ ನೀರು ಮತ್ತು ಗ್ಲೈಕಾಲ್. ಉಬ್ಬಸ ಇರುವವರು ಇನ್ಹೇಲರ್ ಜೇಬಲ್ಲಿ ಇಟ್ಟುಕೊಳ್ಳಿ, ವೇದಿಕೆಯಿಂದ ದೂರ ಕೂರಿ. ಅಪಸ್ಮಾರ (ಫಿಟ್ಸ್) ಇದ್ದವರಲ್ಲಿ ಕೆಲವರಿಗೆ ಪಟಪಟ ಮಿನುಗುವ ದೀಪ ಅಪಾಯ, ಅಂಥ ದೀಪ ಇದೆಯಾ ಅಂತ ಆಯೋಜಕರನ್ನು ಮುಂಚೆಯೇ ಕೇಳಿ. ಇದ್ದಕ್ಕಿದ್ದ ಹಾಗೆ ಶುರುವಾದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಿ. ಬರೀ ಕಣ್ಣು ಮುಚ್ಚಿದರೆ ರೆಪ್ಪೆಯೊಳಗಿಂದಲೂ ಮಿನುಗು ಹೋಗುತ್ತೆ.

ಚಪ್ಪಾಳೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸುತ್ತೆ. ಆದಿತಾಳ ಹಾಕಿ ರೂಢಿ ಇರುವ ನಮ್ಮ ಕೈ 1, 5, 7ಕ್ಕೆ ಬೀಳುತ್ತೆ. ನಾಲ್ಕರ ರಾಕ್ ಲಯದಲ್ಲಿ ಸ್ನೇರ್ ಡ್ರಮ್ ಹೊಡೆಯೋದು 2 ಮತ್ತು 4ಕ್ಕೆ, ಕೈಯೂ ಅಲ್ಲೇ ಬೀಳಬೇಕು. 1 ಮತ್ತು 3ಕ್ಕೆ ತಟ್ಟಿದರೆ ಹಾಡು ನಡಿಗೆ ಬಿಟ್ಟು ಕವಾಯತು ಆಗುತ್ತೆ. ಮಿಶ್ರಛಾಪಿನ ಹಾಗೆ ಏಳರಲ್ಲಿ ಓಡುವ ಹಾಡು ಬಂದರೆ ಕರ್ನಾಟಕ ಸಂಗೀತ ಕೇಳಿದ ನಿಮ್ಮ ತಂದೆಯವರೇ ಮೊದಲು ಹಿಡಿಯುತ್ತಾರೆ, ಅವರ ಕೈ ನೋಡಿ ತಟ್ಟಿ. ಇನ್ನೊಂದು ತೊಡಕು ದೂರದ್ದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 25 ಮೀಟರ್ ಹಿಂದೆ ಕೂತವರಿಗೆ ಪೆಟ್ಟು 0.07 ಸೆಕೆಂಡ್ ತಡವಾಗಿ ತಲುಪುತ್ತೆ, ಅವರ ಚಪ್ಪಾಳೆ ವೇದಿಕೆಗೆ ವಾಪಸ್ ಬರೋಕೆ ಇನ್ನಷ್ಟೇ. ನಿಮಿಷಕ್ಕೆ 120 ಪೆಟ್ಟಿನ ಹಾಡಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡ್, ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತಡ ಇಲ್ಲೇ ಆಯ್ತು. ಡ್ರಮ್ಮರ್ ಕಿವಿಗೆ ಮಾನಿಟರ್ (ತಂಡದ ಸದ್ದನ್ನು ಕೇಳಿಸುವ ಇಯರ್‌ಫೋನ್) ಹಾಕಿಕೊಂಡು ಜನರ ಚಪ್ಪಾಳೆಯನ್ನು ದೂರ ಇಡೋದಕ್ಕೆ ಇದೂ ಒಂದು ಕಾರಣ. ಹಿಂದೆ ಕೂತವರು ಕಿವಿಗಿಂತ ಡ್ರಮ್ಮರ್ ಕೋಲನ್ನು ಕಣ್ಣಲ್ಲಿ ನೋಡಿ ತಟ್ಟಿದರೆ ಲಯ ಅಷ್ಟಾಗಿ ಜಗ್ಗಲ್ಲ.

ಟಿಕೆಟ್ ಕ್ಯೂಆರ್ ಕೋಡನ್ನು ಮನೆಯಲ್ಲೇ ತೆರೆದಿಟ್ಟುಕೊಳ್ಳಿ, ಬಾಗಿಲ ಹತ್ತಿರ ಎಲ್ಲರೂ ಒಟ್ಟಿಗೆ ತೆರೆಯುವಾಗ ನೆಟ್‌ವರ್ಕ್ ಕೈಕೊಡುತ್ತೆ. ಕೆಲವು ಕೋಡ್ ಆಗಾಗ ಬದಲಾಗುತ್ತವೆ, ಅಂಥದ್ದಕ್ಕೆ ಸ್ಕ್ರೀನ್‌ಶಾಟ್ ನಡೆಯಲ್ಲ. ಟಿಕೆಟ್‌ನಲ್ಲಿ ಸೀಟು ನಂಬರ್ ಇಲ್ಲದಿದ್ದರೆ ಮೊದಲು ಬಂದವರಿಗೆ ಮೊದಲು ಅಂತ ಅರ್ಥ, ಮುಕ್ಕಾಲು ಗಂಟೆ ಮುಂಚೆ ಸಾಲಲ್ಲಿರಿ. ನಡುವೆ ವಿರಾಮ ಇರುತ್ತೆ ಅಂತ ನಂಬಿ ಕೂರಬೇಡಿ, ಮಗಳನ್ನು ಶುರುವಾಗೋ ಮೊದಲೇ ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬನ್ನಿ.

ಕಾರು ಬಿಟ್ಟು ಹೋಗೋದೇ ಒಳ್ಳೇದು. ಚೌಡಯ್ಯ ಹಾಲ್‌ಗಾದರೆ ಮೆಟ್ರೋ ಹಸಿರು ಮಾರ್ಗದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಆಟೋ ಹಿಡಿಯಿರಿ. ವಾಪಸ್ ಬರುವಾಗ ಸಾವಿರ ಜನ ಒಂದೇ ಗೇಟಿನ ಮುಂದೆ ಆಟೋ ಕೂಗುತ್ತಿರುತ್ತಾರೆ. ಕೊನೆಯ ಹಾಡು ಮುಗಿದು ದೀಪ ಹತ್ತಿದ ಮೇಲೆ ಹತ್ತು ನಿಮಿಷ ಸೀಟಲ್ಲೇ ಕೂತಿದ್ದು, ಮೆಟ್ಟಿಲು ಖಾಲಿಯಾದ ಮೇಲೆ ತಂದೆಯವರನ್ನು ಇಳಿಸಿ, ಒಂದು ತಿರುವು ಆಚೆ ನಡೆದು ಆಟೋ ಕರೆಯಿರಿ.